ಅನುರಾಧಪುರದಲ್ಲಿ ಕಾರ್ಡು, ಅಫಜಲಪುರದಲ್ಲಿ ಓಟಿಪಿ

ಹೊರಡುವ ಮುಂಚೆ

ಶ್ರೀಲಂಕಾದ ಟಿಕೆಟ್ ಕೈಗೆ ಬಂದ ದಿನದಿಂದ ನನಗೂ ನನ್ನ ನಾದಿನಿ ರತ್ನಾಗೂ ಒಂದೇ ಜಗಳ. ಹೊರದೇಶಕ್ಕೆ ಯಾವ ಕಾರ್ಡು ಚಲೋ, ಕ್ರೆಡಿಟ್ಟೋ ಡೆಬಿಟ್ಟೋ?

ರತ್ನಾ ಜೇವರ್ಗಿಯ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಾಳೆ. ಮದುವೆ ಆಗಿಲ್ಲ. ಸಂಬಳ ತನ್ನದು, ಖರ್ಚು ತನ್ನದು, ಕ್ರೆಡಿಟ್ ಕಾರ್ಡೂ ತನ್ನದು. ಆ ಕಾರ್ಡಿನ ರಿವಾರ್ಡ್ ಪಾಯಿಂಟುಗಳೆಂದರೆ ಅವಳಿಗೆ ಪ್ರಾಣ. ಸಹೋದ್ಯೋಗಿಗಳ ಮನೆಗೆ ಫ್ರಿಜ್ ಬೇಕಾದರೂ "ನನ್ನ ಕಾರ್ಡಿನ ಮ್ಯಾಲ ತಗೊಳ್ರಿ, ರೊಕ್ಕ ಆಮ್ಯಾಲೆ ಕೊಡ್ರಿ" ಎಂದು ತಾನೇ ಮುಂದೆ ಬೀಳುತ್ತಾಳೆ. ಫ್ರಿಜ್ಜು ಅವರ ಮನೆಗೆ, ಪಾಯಿಂಟು ಇವಳ ಖಾತೆಗೆ. ವರ್ಷಕ್ಕೊಮ್ಮೆ ಕಾರ್ಡಿನವರು ಹಾಕುವ ಶುಲ್ಕವೂ ಇಷ್ಟು ಖರ್ಚು ಮಾಡಿದ್ದಕ್ಕೆ ಮಾಫಿ ಆಗುತ್ತದೆಂದು ಅದನ್ನೇ ಒಂದು ಪದವಿಯ ಹಾಗೆ ಹೇಳಿಕೊಳ್ಳುತ್ತಾಳೆ.

ನಾನು ಡೆಬಿಟ್ ಪಕ್ಷದವಳು. ಇದ್ದ ದುಡ್ಡನ್ನು ಖರ್ಚು ಮಾಡು, ಇಲ್ಲದ್ದಕ್ಕೆ ಕೈ ಹಾಕಬೇಡ. ಇದು ನನ್ನ ಸ್ವಭಾವವೂ ಹೌದು, ಉದ್ಯೋಗವೂ ಹೌದು. ಬ್ಯಾಂಕಿನವರು ನಡೆಸುವ ಆರ್ಥಿಕ ಸಾಕ್ಷರತಾ ಕೇಂದ್ರದ ಪರವಾಗಿ ನಾನು ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಿಗೆ ಹೋಗಿ, ಮಹಿಳಾ ಸಂಘಗಳ ಮುಂದೆ ನಿಂತು, ಫೋನಿನಲ್ಲಿ ಮೋಸ ಮಾಡುವವರಿಂದ ದುಡ್ಡು ಉಳಿಸಿಕೊಳ್ಳುವುದು ಹೇಗೆಂದು ಹೇಳಿಕೊಡುತ್ತೇನೆ. ನನ್ನ ದನಿ ದೊಡ್ಡದು, ಮೈಕು ಬೇಕಾಗುವುದಿಲ್ಲ. ಕೊಳಕೂರದಲ್ಲಿ ಒಬ್ಬ ಹೆಂಗಸಿಗೆ "ನಿಮ್ಮ ಮಗ ದವಾಖಾನ್ಯಾಗ ಅದಾನ, ಜಲ್ದಿ ರೊಕ್ಕ ಬೇಕು" ಎಂದು ಯಾರೋ ಫೋನ್ ಮಾಡಿದರು. ಆಕೆ ಕೇಳಿದ ನಂಬರು ಕೊಟ್ಟು ಇದ್ದಬದ್ದದ್ದನ್ನೆಲ್ಲ ಕಳೆದುಕೊಂಡಳು. ಮಗ ಹೊಲದಲ್ಲಿ ತೊಗರಿ ರಾಶಿ ಮಾಡುತ್ತಿದ್ದ. ಆ ಕಥೆಯನ್ನು ನಾನು ನರೋಣಾದಿಂದ ಹಿಡಿದು ಊರೂರಿಗೆ ಹೊತ್ತುಕೊಂಡು ತಿರುಗಿದೆ.

"ದವಾಖಾನಿ ಅಂದ ಕೂಡಲೇ ಎದಿ ಒಡಕೋಬ್ಯಾಡ್ರಿ. ಜಲ್ದಿ ಜಲ್ದಿ ಅಂದ್ರ ತಿಳಕೊಳ್ರಿ, ಅದು ಖೊಟ್ಟಿ. ದನಿ ಸುದ್ದಾ ಈಗ ಕಂಪ್ಯೂಟರ್‌ದಾಗ ತಯಾರ ಮಾಡ್ತಾರ. ಓಟಿಪಿ ಯಾರಿಗೂ ಹೇಳಬ್ಯಾಡ್ರಿ. ನಾನ ಫೋನ್ ಮಾಡಿ ಕೇಳಿದ್ರೂ ಹೇಳಬ್ಯಾಡ್ರಿ!"

ಕೊನೆಯ ಮಾತಿಗೆ ಎಲ್ಲರೂ ನಗುತ್ತಿದ್ದರು. ನಗದೆ ತಲೆಯಾಡಿಸುತ್ತಿದ್ದವರು ಒಬ್ಬರೇ, ನನ್ನ ಅತ್ತೆ ಶಾಂತಾಬಾಯಿ, ರತ್ನಾಳ ತಾಯಿ. ನಮ್ಮ ಓಣಿಯ ಸಂಘಕ್ಕೆ ಅವರೇ ಅಧ್ಯಕ್ಷೆ. ಅಂಕಿ ಓದುವುದನ್ನು ಅರವತ್ತು ದಾಟಿದ ಮೇಲೆ ಕಲಿತವರು. ಕಲಿತದ್ದನ್ನು ಸಡಿಲ ಬಿಡುವ ಪೈಕಿ ಅಲ್ಲ.

ಬ್ಯಾಂಕಿಗೆ ಜೋಡಿಸಿದ ನನ್ನ ನಂಬರು ಒಂದು ಸಣ್ಣ ಬಟನ್ ಫೋನಿನಲ್ಲಿದೆ. ದೊಡ್ಡ ಫೋನಿನಲ್ಲಿ ಹಾಕಿದರೆ ಯಾರಾದರೂ ಒಳಗೆ ನುಗ್ಗಿಯಾರೆಂದು ಬೇರೆ ಇಟ್ಟಿದ್ದೆ. ಪರದೇಶದಲ್ಲಿ ಜೇಬುಗಳ್ಳರು ಇರುತ್ತಾರೆ, ಇದು ಮನೆಯಲ್ಲೇ ಇರಲಿ ಎಂದು ಅತ್ತೆಯ ಕೈಗೆ ಕೊಟ್ಟು ಬಂದೆ. ಡೆಬಿಟ್ ಕಾರ್ಡಿನಲ್ಲಿ ಹೊರದೇಶದ ಬಳಕೆಯನ್ನೂ ಆನ್ ಮಾಡಿರಲಿಲ್ಲ. ರತ್ನಾಳ ಕಾರ್ಡ್ ಇದೆ, ನನ್ನದು ಆಪತ್ತಿಗೆ. ಬೇಕಾದಾಗ ನೆಟ್ ಬ್ಯಾಂಕಿಂಗ್ ತೆರೆದು ಆನ್ ಮಾಡಿದರಾಯಿತು, ಓಟಿಪಿಯನ್ನು ಅತ್ತೆಗೆ ಕೇಳಿದರಾಯಿತು. ಹೀಗೆ ನಾನೇ ಯೋಚಿಸಿದೆ, ನಾನೇ ಬೆನ್ನು ಚಪ್ಪರಿಸಿಕೊಂಡೆ.

ಹೈದರಾಬಾದ್ ವಿಮಾನ ನಿಲ್ದಾಣ

"ವೈನಿ, ನನ್ನ ಕಾರ್ಡಿಗೆ ಲೌಂಜ್ ಫ್ರೀ ಅದ. ಬರ್ರಿ, ಪುಕ್ಕಟೆ ನಾಷ್ಟಾ" ಎಂದು ರತ್ನಾ ನನ್ನ ಕೈ ಹಿಡಿದು ಎಳೆದಳು. ಬಾಗಿಲಲ್ಲಿ ಕೋಟು ತೊಟ್ಟವನು ಕಾರ್ಡನ್ನು ಯಂತ್ರಕ್ಕೆ ಉಜ್ಜಿ, ಒಂದು ಕಾರ್ಡಿಗೆ ಒಬ್ಬರೇ ಎಂದ. ನನ್ನ ಡೆಬಿಟ್ ಕಾರ್ಡು ಕೊಟ್ಟೆ. ಅವನು ನೋಡಿ ವಿನಯದಿಂದ ಹಿಂದಿರುಗಿಸಿದ. ಆ ವಿನಯ ನನ್ನ ಮೈಯೆಲ್ಲ ಉರಿಸಿತು.

ನಾನು ಹೊರಗೆ ಕುರ್ಚಿಯಲ್ಲಿ ಕೂತು ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿದೆ. ಸ್ವಲ್ಪ ಹೊತ್ತಿಗೆ ರತ್ನಾ ಬಂದು ಅತ್ತಿತ್ತ ನೋಡಿ, ಪರ್ಸಿನಿಂದ ಕಾಗದದಲ್ಲಿ ಸುತ್ತಿದ ಬನ್ನು ತೆಗೆದಳು.

"ತಿನ್ರಿ ವೈನಿ. ಪಾಯಿಂಟಿನ ಬನ್."

"ನಾ ಒಲ್ಲೆ. ಟಿಕೆಟ್ ನನ್ನ ಡೆಬಿಟ್ ಕಾರ್ಡಿನ ಮ್ಯಾಲ ತಗೊಂಡಿದ್ದಕ್ಕ ಎಷ್ಟು ಸೂಟ್ ಸಿಕ್ತು, ಎಷ್ಟು ರೊಕ್ಕ ಉಳೀತು, ಅದನ್ನ ಹೇಳು" ಎಂದೆ. ಅವಳ ಕಾರ್ಡಿನಲ್ಲಿ ಟಿಕೆಟ್ ತೆಗೆಯಬೇಕೆಂದು ಅವಳು ಎಷ್ಟೋ ಹಟ ಮಾಡಿದ್ದಳು. ನಾನು ಬಿಟ್ಟಿರಲಿಲ್ಲ. ಬನ್ನಿನಲ್ಲಿ ಅರ್ಧ ಮಾತ್ರ ತಿಂದೆ. ಚಲೋ ಇತ್ತು, ಅವಳಿಗೆ ಹೇಳಲಿಲ್ಲ.

ಕೊಲಂಬೊ

ಕೊಲಂಬೊದಲ್ಲಿ ಇಳಿದಾಗ ಮೊದಲು ಬೆರಗಾಗಿದ್ದು ಜನ ಸಾಲಿನಲ್ಲಿ ನಿಲ್ಲುವ ಬಗೆಗೆ. ಬಸ್ಸು ಬಂದರೂ ಯಾರೂ ಕಿಟಕಿಯಿಂದ ಟವೆಲ್ ಎಸೆಯಲಿಲ್ಲ. ಕಲಬುರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಪಳಗಿದ ನಾನು ಮೊಣಕೈ ಮುಂದೆ ಮಾಡಿ ಸಜ್ಜಾಗಿದ್ದೆ, ಅದನ್ನು ಸದ್ದಿಲ್ಲದೆ ಒಳಗೆಳೆದುಕೊಂಡೆ. ಹೆದರಿದಾಗ, ಬೇಸರವಾದಾಗ ಇಲ್ಲಿನವರೂ ನಮ್ಮ ಹಾಗೆ "ಐಯೋ" ಅನ್ನುತ್ತಾರೆ. ಅದನ್ನು ಕೇಳಿ ಅರ್ಧ ಪರದೇಶ ಕರಗಿದ ಹಾಗಾಯಿತು.

ನಾನು ಅಲ್ಲಿಯ ಸಿಮ್ ಒಂದು ಕೊಂಡು ದೊಡ್ಡ ಫೋನಿಗೆ ಹಾಕಿದೆ. ರತ್ನಾ ತನ್ನ ಊರಿನ ಸಿಮ್ ಅನ್ನೇ ಇಟ್ಟುಕೊಂಡಳು. ಅದರಿಂದ ಕರೆ ಹೋಗುತ್ತಿರಲಿಲ್ಲ, ಮೆಸೇಜು ಮಾತ್ರ ಬರುತ್ತಿದ್ದವು. ಅವಕ್ಕೆ ದುಡ್ಡೂ ಬೀಳುತ್ತಿರಲಿಲ್ಲ. ನನ್ನ ಬಟನ್ ಫೋನು ತಂದಿದ್ದರೂ ಹೀಗೇ ಇರುತ್ತಿತ್ತು ಎಂದು ಆಗಲೇ ಹೊಳೆಯಿತು.

ನಾವು ಬಂದದ್ದು ಅನುರಾಧಪುರದ ಬೋಧಿವೃಕ್ಷದ ದರ್ಶನಕ್ಕೆ, ಅಲ್ಲಿಗೆ ಹೋಗುವವರು ಬಿಳಿ ಉಡಬೇಕು. ನಮ್ಮ ಬಿಳಿ ಸೀರೆಗಳು ಇಸ್ತ್ರಿಯಾಗಿ ಅಫಜಲಪುರದ ನಮ್ಮ ಮನೆಯ ಮಂಚದ ಮೇಲೆಯೇ ಉಳಿದಿದ್ದವು. ಅಂಗಡಿಯೊಂದರಲ್ಲಿ ಎರಡು ಸೀರೆ ಆರಿಸಿದೆವು. ಕಾರ್ಡ್ ಚುಚ್ಚಿದ ಮೇಲೆ ಯಂತ್ರ ಕೇಳಿತು, ಭಾರತದ ರೂಪಾಯಿಯಲ್ಲೋ, ಇಲ್ಲಿನ ರೂಪಾಯಿಯಲ್ಲೋ?

"ನಮ್ಮ ರೂಪಾಯ್ದಾಗ!" ರತ್ನಾ ದೇಶಾಭಿಮಾನದಿಂದ ಬಟನ್ ಒತ್ತಿದಳು.

"ಹುಚ್ಚಿ, ಇಲ್ಲಿನ ರೂಪಾಯಿ ಒತ್ತಬೇಕಿತ್ತು ಬೇ! ನಮ್ಮದು ಒತ್ತಿದ್ರ ಅಂಗಡಿ ಕಡಿಯವರು ತಮಗ ಬೇಕಾದ ದರಾ ಹಚ್ಚತಾರ. ಮ್ಯಾಲ ನಿನ್ನ ಬ್ಯಾಂಕಿನವ್ರೂ ತಮ್ಮ ಶುಲ್ಕಾ ಬಿಡಂಗಿಲ್ಲ."

"ಇರ್ಲಿ ಬಿಡ್ರಿ ವೈನಿ, ಪಾಯಿಂಟು ಬಂದಾವಲ್ಲ."

ಸಿಟ್ಟು ಇಳಿಯುವ ಮುನ್ನವೇ ಅವಳು ಎಟಿಎಮ್ಮಿನ ಮುಂದೆ ನಿಂತಿದ್ದಳು, ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆಯಲು. ಓಡಿಹೋಗಿ ಕೈ ಹಿಡಿದೆ. ಡೆಬಿಟ್ ಕಾರ್ಡಿನಿಂದ ತೆಗೆದರೆ ಶುಲ್ಕ ಒಂದೇ. ಕ್ರೆಡಿಟ್ ಕಾರ್ಡಿನಿಂದ ತೆಗೆದರೆ ಶುಲ್ಕವೂ ಹೌದು, ಅಂದಿನಿಂದಲೇ ಬಡ್ಡಿಯೂ ಹೌದು, ಪಾಯಿಂಟೂ ಇಲ್ಲ. ಪಾಯಿಂಟ್ ಇಲ್ಲವೆಂದ ಕೂಡಲೇ ಅವಳು ಕಾರ್ಡು ಒಳಗಿಟ್ಟಳು. ಎಲ್ಲ ಕಡೆಗೂ ಕಾರ್ಡ್ ಉಜ್ಜಿದರಾಯಿತು, ನಗದು ಯಾಕೆ ಬೇಕು ಎಂದು ನಾನೇ ತೀರ್ಮಾನ ಕೊಟ್ಟೆ. ಹೀಗೆ ಪರ್ಸಿನಲ್ಲಿ ಚಹಾ, ರಿಕ್ಷಾಕ್ಕೆ ಆಗುವಷ್ಟು ಮಾತ್ರ ಇಟ್ಟುಕೊಂಡು ರೈಲು ಹತ್ತಿದೆವು.

ಅನುರಾಧಪುರ

ನಾವು ಇಳಿದ ಅತಿಥಿಗೃಹದ ಯಜಮಾನಿ ಕುಸುಮಾ ನನ್ನನ್ನು "ಅಕ್ಕಾ" ಎಂದೇ ಕರೆದಳು. ಅವರ ಸಿಂಹಳದಲ್ಲೂ ಅಕ್ಕ ಅಂದರೆ ಅಕ್ಕನೇ. ರತ್ನಾ ಅವಳ ಬಾಯಲ್ಲಿ "ನಂಗಿ", ತಂಗಿ. ಯಾವ ಮಾತಿಗೂ "ಹರಿ ಹರಿ" ಅನ್ನುತ್ತಾಳೆ. ಆಯಿತು, ಸರಿ ಎಂದು ಅರ್ಥವಂತೆ. ಬೆಳಿಗ್ಗೆ ಉಗಿಯಲ್ಲಿ ಬೇಯಿಸಿದ ಶ್ಯಾವಿಗೆ, ಕಾಯಿತುರಿಯ ಕೆಂಪು ಚಟ್ನಿ ಕೊಟ್ಟಳು. ಖಾರ ನಮ್ಮ ನಾಲಿಗೆಗೂ ಮುಟ್ಟಿತು. ನನಗೆ ಆ ಊರಿನ ಬಗ್ಗೆ ಗೌರವ ಹುಟ್ಟಿತು. ರತ್ನಾ ಮಾತ್ರ ತಟ್ಟೆಯನ್ನು ಹಿಂದೆ ಸರಿಸಿದಳು.

"ಯಾಕ?"

"ಹೊಟ್ಟಿ ಸ್ವಲ್ಪ ಹಿಡದಂಗ ಆಗ್ಯಾದ. ನಿನ್ನಿ ಕೊಬ್ರಿ ಜಾಸ್ತಿ ಆತು ಕಾಣ್ತದ."

ಬೋಧಿವೃಕ್ಷದ ಅಂಗಳದಲ್ಲಿ ಸಾವಿರ ಜನ ಇದ್ದರೂ ಸದ್ದಿರಲಿಲ್ಲ. ಎಲ್ಲರೂ ಬಿಳಿ, ಎಲ್ಲರ ಕೈಯಲ್ಲೂ ತಾವರೆ. ಬರಿಗಾಲಿಗೆ ಬಿಸಿಲಿನ ಕಲ್ಲು ಸುಡುತ್ತಿತ್ತು. ಬಿಳಿ ಚರ್ಮದ ಪ್ರವಾಸಿಗರು ಕುಣಿಯುತ್ತ ಓಡಿದರು, ಶಹಾಬಾದಿ ಕಲ್ಲಿನ ಮೇಲೆ ಬೇಸಿಗೆ ಕಳೆದ ನಾವು ಆರಾಮವಾಗಿ ನಡೆದೆವು. ಮರದ ಮುಂದೆ ಕೂತಾಗ ನನಗೆ ಅಳು ಬಂತು. ನಮ್ಮ ಮನೆಯಿಂದ ಇಲ್ಲಿಗೆ ಬಂದವರಲ್ಲಿ ನಾವೇ ಮೊದಲಿಗರು. ಅತ್ತೆಯನ್ನೂ ಕರೆದಿದ್ದೆವು, ವಿಮಾನ ಹತ್ತಲು ಒಲ್ಲೆ ಎಂದಿದ್ದರು. ತಿರುಗಿ ನೋಡಿದರೆ ರತ್ನಾ ಕಣ್ಣು ಮುಚ್ಚಿ ಬಲಗೈಯಿಂದ ಹೊಟ್ಟೆ ಒತ್ತಿಕೊಂಡು ಕೂತಿದ್ದಳು. ಹಣೆಯ ಮೇಲೆ ಬೆವರಿತ್ತು. ಅವಳೂ ಭಕ್ತಿಯಲ್ಲಿದ್ದಾಳೆ ಎಂದುಕೊಂಡೆ.

ಹೊರಗೆ ಬಂದು ಚಪ್ಪಲಿ ಮೆಟ್ಟುವಾಗ ಅವಳ ಫೋನು ಗುಂಯ್ ಎಂದಿತು. ಕಾರ್ಡಿನಿಂದ ದುಡ್ಡು ಹೋಗಿದೆ ಎಂಬ ಮೆಸೇಜು. ಕೆಳಗೆ ಕೇಳರಿಯದ ಒಂದು ಕಂಪನಿಯ ಹೆಸರು.

"ನೀ ಓಟಿಪಿ ಹಾಕಿದ್ದೇನು?" ಎಂದೆ.

"ಇಲ್ರಿ. ಓಟಿಪಿ ಬಂದ ಇಲ್ಲ."

ಓಟಿಪಿ ಬರದೆ ದುಡ್ಡು ಹೋಗಿದೆ! ನನ್ನ ಇಷ್ಟು ವರ್ಷದ ಉಪನ್ಯಾಸಗಳೆಲ್ಲ ಒಟ್ಟಿಗೆ ತಲೆಗೆ ಏರಿದವು. "ಬ್ಲಾಕ್ ಮಾಡು. ಈಗಿಂದೀಗ."

"ವೈನಿ, ಒಂದ್ಸಲ ಕುಸುಮಾನ್ನ ಕೇಳೂಣು..."

"ಕೇಳೂ ಹೊತ್ತಿಗೆ ಎಲ್ಲಾ ಬಳಕೊಂಡು ಹೋಗ್ತಾರ. ಒತ್ತು!"

ಅವಳಿಗೆ ವಾದ ಮಾಡುವ ತ್ರಾಣ ಇರಲಿಲ್ಲ. ನನ್ನ ಫೋನಿನ ನೆಟ್ ಜೋಡಿಸಿಕೊಂಡು ಆ್ಯಪು ತೆರೆದು, ಕಾರ್ಡ್ ಕಳೆದಿದೆ ಎಂದು ಒತ್ತಿದಳು. ಕಾರ್ಡು ಕಾಯಂ ಬಂದಾಯಿತು, ಹೊಸದನ್ನು ಜೇವರ್ಗಿಯ ವಿಳಾಸಕ್ಕೆ ಕಳಿಸುತ್ತೇವೆ ಎಂಬ ಉತ್ತರ ಬಂತು. ನನಗೆ ಕಳ್ಳನನ್ನು ಕತ್ತು ಹಿಡಿದು ದಬ್ಬಿದಷ್ಟು ಸಮಾಧಾನ.

ಅತಿಥಿಗೃಹಕ್ಕೆ ಮರಳಿ ಕುಸುಮಾಗೆ ಈ ಪರಾಕ್ರಮ ಹೇಳಿದೆ. ಅವಳ ಮುಖ ಪೆಚ್ಚಾಯಿತು. ಆ ದುಡ್ಡು ತೆಗೆದವಳು ಅವಳೇ. ಕೋಣೆ ಕಾದಿರಿಸುವಾಗ ನಾವೇ ಬರೆದುಕೊಟ್ಟಿದ್ದ ಕಾರ್ಡ್ ನಂಬರಿನಿಂದ ಬಾಡಿಗೆ ಪಡೆದಿದ್ದಳು. ಕಂಪನಿ ಅವಳ ಗಂಡನ ಮನೆತನದ ಹೆಸರಿನಲ್ಲಿತ್ತು. "ಇಲ್ಲಿ ಹೀಗೇ ಅಕ್ಕಾ, ಎಷ್ಟೋ ಸಲ ಯಾವ ನಂಬರೂ ಕೇಳುವುದಿಲ್ಲ" ಎಂದಳು. ನಮ್ಮ ದೇಶದಲ್ಲಿ ಹೆಜ್ಜೆಹೆಜ್ಜೆಗೂ ಓಟಿಪಿ, ಹೊರದೇಶದವರಿಗೆ ಅದರ ಹಂಗಿಲ್ಲ. ಊರೂರಿಗೆ ಬುದ್ಧಿ ಹೇಳಿದವಳಿಗೆ ಇದೊಂದು ತಿಳಿದಿರಲಿಲ್ಲ.

ರತ್ನಾ ನನ್ನನ್ನು ಛೇಡಿಸಬೇಕಿತ್ತು. ಛೇಡಿಸಲಿಲ್ಲ. ಬಾಗಿಲ ಚೌಕಟ್ಟು ಹಿಡಿದುಕೊಂಡು, "ವೈನಿ, ನಿಲ್ಲಾಕ ಆಗವಲ್ದು" ಎಂದು ಕುಸಿದಳು.

ಆಸ್ಪತ್ರೆ

ಕುಸುಮಾ ತನ್ನ ರಿಕ್ಷಾದವನನ್ನು ಕೂಗಿ ನಮ್ಮನ್ನು ಹತ್ತಿರದ ಖಾಸಗಿ ಆಸ್ಪತ್ರೆಗೆ ಕಳಿಸಿದಳು. ಅತಿಥಿಗಳು ತುಂಬಿದ್ದರಿಂದ ಅವಳು ಬರುವ ಹಾಗಿರಲಿಲ್ಲ. ರತ್ನಾಳನ್ನು ಒಳಗೆ ಒಯ್ದು ಸಲಾಯಿನ್ ಹಚ್ಚಿ, ರಕ್ತ ಪರೀಕ್ಷೆ ಮಾಡಿದರು. ಡಾಕ್ಟರಮ್ಮ ಹೊರಗೆ ಬಂದು ಇಂಗ್ಲಿಷಿನಲ್ಲಿ ಹೇಳಿದಳು. ಅಪೆಂಡಿಕ್ಸ್, ಬಹಳ ಊದಿದೆ. ಇವತ್ತು ಸಂಜೆಯೇ ಆಪರೇಷನ್ ಆಗಬೇಕು, ಒಳಗೆ ಒಡೆದರೆ ಜೀವಕ್ಕೆ ಅಪಾಯ.

ಕೌಂಟರಿನಲ್ಲಿ ದಪ್ಪ ಕನ್ನಡಕದ ಒಬ್ಬ ಹೆಂಗಸು ಇದ್ದಳು. ಅವಳು ತಾಳ್ಮೆಯಿಂದ ತಿಳಿಸಿದಳು. ಇಲ್ಲಿ ಆಪರೇಷನ್ ಮಾಡುವ ಸರ್ಜನ್ ಸರ್ಕಾರಿ ಆಸ್ಪತ್ರೆಯವರು, ಅಲ್ಲಿನ ಡ್ಯೂಟಿ ಮುಗಿಸಿ ಸಂಜೆ ಬರುತ್ತಾರೆ. ಡಿಪಾಜಿಟ್ ಕಟ್ಟಿದರೆ ಅವರ ಸಮಯ ಗಟ್ಟಿ ಮಾಡಬಹುದು. ಇಲ್ಲದಿದ್ದರೆ ಆ್ಯಂಬುಲೆನ್ಸಿನಲ್ಲಿ ಸರ್ಕಾರಿ ಆಸ್ಪತ್ರೆಗೇ ಕಳಿಸುತ್ತೇವೆ, ಆದರೆ ಅಲ್ಲಿ ಸರದಿ ಯಾವಾಗ ಬರುತ್ತದೋ ಹೇಳಲಾರೆ. ಸರ್ಜನ್ ಹೊರಡುವ ಮುಂಚೆ ತಿಳಿಸಬೇಕು, ಜಾಸ್ತಿ ಹೊತ್ತಿಲ್ಲ.

"ಕ್ರೆಡಿಟ್ ಕಾರ್ಡ್ ಇದೆಯಾ? ಅದಾದರೆ ದುಡ್ಡು ತೆಗೆಯುವುದೇ ಇಲ್ಲ, ಬರೀ ಹಿಡಿದಿಟ್ಟುಕೊಳ್ಳುತ್ತೇವೆ. ಬಿಲ್ ಆದ ಮೇಲೆ ಬಿಡುತ್ತೇವೆ."

ಇತ್ತು. ಬೆಳಿಗ್ಗೆಯವರೆಗೆ ಇತ್ತು.

ಪ್ರಯಾಣದ ವಿಮೆ ಇದೆಯೇ ಎಂದು ಕೇಳಿದಳು. ರತ್ನಾಳ ಕಾರ್ಡಿನ ಜೊತೆ ಪುಕ್ಕಟೆ ವಿಮೆ ಬರುತ್ತಿತ್ತು, ಟಿಕೆಟ್ ಅದೇ ಕಾರ್ಡಿನಲ್ಲಿ ಕೊಂಡಿದ್ದರೆ ಮಾತ್ರ. ಟಿಕೆಟ್ಟನ್ನು ನಾನು ಸೂಟ್ ನೋಡಿ ನನ್ನ ಡೆಬಿಟ್ ಕಾರ್ಡಿನಲ್ಲಿ ಕೊಂಡಿದ್ದೆ. ಫೋನಿನಿಂದ ಸ್ಕ್ಯಾನ್ ಮಾಡಿ ಕೊಡಲು ಅವರಲ್ಲಿ ಸೌಲಭ್ಯ ಇರಲಿಲ್ಲ. ರತ್ನಾಳ ಸಂಬಳದ ಖಾತೆಯ ಕಾರ್ಡು ಜೇವರ್ಗಿಯ ಕಪಾಟಿನಲ್ಲಿತ್ತು. ಉಳಿದದ್ದು ನನ್ನ ಡೆಬಿಟ್ ಕಾರ್ಡ್. ಖಾತೆಯಲ್ಲಿ ಬೇಕಾದಷ್ಟು ಹಣ ಇದೆ, ಕಾರ್ಡು ಮಾತ್ರ ದೇಶದ ಗಡಿಯಾಚೆ ಸತ್ತಂತೆ.

ನೆಟ್ ಬ್ಯಾಂಕಿಂಗ್ ತೆರೆದು ಹೊರದೇಶದ ಬಳಕೆ ಆನ್ ಮಾಡಲು ಒತ್ತಿದೆ. ನಿಮ್ಮ ನೋಂದಾಯಿತ ನಂಬರಿಗೆ ಓಟಿಪಿ ಕಳಿಸಿದ್ದೇವೆ ಎಂದಿತು.

ಅತ್ತೆಯ ಸ್ವಂತ ಫೋನಿಗೆ ಹಚ್ಚಿದೆ, ಅದೂ ಬಟನ್ನಿನದೇ. ರಿಂಗಾಯಿತು, ಕಟ್ಟಾಯಿತು. ಮತ್ತೆ ಹಚ್ಚಿದೆ, ಮತ್ತೆ ಕಟ್. ಮುಂದೆ ಪ್ಲಸ್ ಗುರುತಿರುವ ಅಪರಿಚಿತ ನಂಬರ್ ಎತ್ತಬೇಡಿರೆಂದು ಹೇಳಿಕೊಟ್ಟವಳು ನಾನೇ. ನನ್ನ ಗಂಡ ಸರ್ಕಾರಿ ಬಸ್ಸಿನ ಡ್ರೈವರು. ಆ ದಿನ ಪುಣೆಯ ದಾರಿಯಲ್ಲಿದ್ದರು. ಸ್ಟೇರಿಂಗ್ ಹಿಡಿದರೆಂದರೆ ಅವರ ಫೋನು ಬಂದ್. ಪಕ್ಕದ ಮನೆಯ ಶಾಹೀನ್ ಭಾಭಿಗೆ ಹಚ್ಚಿದೆ. ಪುಣ್ಯಕ್ಕೆ ಎತ್ತಿದರು.

"ಅರೆ ಪ್ರಭಾ! ನಾ ತವರಿಗೆ ಆಳಂದಕ್ಕ ಬಂದೇನಿ ನೋಡು. ಶ್ರೀಲಂಕಾ ಹೆಂಗದ?"

ರತ್ನಾಳ ವಿಷಯ ಹೇಳಲಿಲ್ಲ. ಅತ್ತೆಗೆ ಬಿ.ಪಿ. ಇದೆ, ಮನೆಯಲ್ಲಿ ಒಬ್ಬರೇ ಇದ್ದಾರೆ. ನನ್ನ ಫೋನು ಎತ್ತಿ ಕೇಳಿದ ಓಟಿಪಿ ಹೇಳುವಂತೆ ಅವರಿಗೆ ತಿಳಿಸಿ ಎಂದಷ್ಟೇ ಬೇಡಿಕೊಂಡೆ. ಸ್ವಲ್ಪ ಹೊತ್ತಿಗೆ ಭಾಭಿ ತಿರುಗಿ ಹಚ್ಚಿದರು.

"ಯಾ ಅಲ್ಲಾ! ನಿಮ್ಮತ್ತಿ ನನಗ ಬುದ್ಧಿ ಹೇಳಿದ್ರು. 'ಶಾಹೀನ್, ನಿನಗೂ ಹಚ್ಚಿದ್ರೇನು ಆ ಕಳ್ಳರು? ನಿನ್ನ ನಂಬರ್ ಏನೂ ಕೊಟ್ಟಿಲ್ಲಲ್ಲ?' ಅಂತಾರ. ನಾ ಅಂದೆ, ಚಾಚಿ, ಪ್ರಭಾನ ದನಿ ನಾ ಕೇಳೇನಿ. 'ದನಿ ಕಂಪ್ಯೂಟರ್‌ದಾಗ ಮಾಡ್ತಾರ, ನಿನಗ ತಿಳಿಯಂಗಿಲ್ಲ' ಅಂದ್ರು. ಒಂದ್ಸಲ ಎತ್ರಿ ಅಂತ ಕೈ ಮುಗದು ಹೇಳೇನಿ. ಈಗ ಹಚ್ಚಿ ನೋಡು."

ಹಚ್ಚಿದೆ. ಎತ್ತಿದರು.

"ಯಾರು?"

"ಅತ್ತಿ, ನಾ ಪ್ರಭಾ."

"ಪ್ರಭಾ ಶ್ರೀಲಂಕಾದಾಗ ಅದಾಳ. ನೀ ಯಾರು?"

"ಶ್ರೀಲಂಕಾದಿಂದನ ಮಾತಾಡಾಕತ್ತೇನ್ರಿ. 'ನಾನ ಕೇಳಿದ್ರೂ ಹೇಳಬ್ಯಾಡ್ರಿ' ಅಂತ ಹೇಳಿದ್ದು ಖರೇ. ಇವತ್ತೊಂದಿನ ಬಿಟ್ಟುಬಿಡ್ರಿ ಆ ಮಾತು. ಈಗೊಂದು ಮೆಸೇಜ್ ಬಂದದಲ್ರಿ, ಅದ್ರಾಗಿನ ಅಂಕಿ..."

"ಹಾಂ, ಈಗ ಗೊತ್ತಾತು ನೀ ಯಾರಂತ!"

"ಅತ್ತಿ, ಇಡಬ್ಯಾಡ್ರಿ! ಬೇಕಾದ್ದು ಕೇಳ್ರಿ, ಹೇಳ್ತೇನಿ."

ಸ್ವಲ್ಪ ಯೋಚಿಸಿದರು. "ನಾ ಯಾವ ಕಾಯಿಪಲ್ಲೆ ತಿನ್ನಂಗಿಲ್ಲ?"

"ಬದನಿಕಾಯಿ. ಕೈ ಕಡೀತದ ನಿಮಗ."

"ಅದು ಇಡೀ ಓಣಿಗೆ ಗೊತ್ತದ" ಎಂದು ಕಟ್ ಮಾಡಿದರು.

ಆ ಓಟಿಪಿಯ ಅವಧಿ ಮುಗಿದುಹೋಯಿತು. ಎರಡನೆಯದನ್ನು ತರಿಸಿದೆ. ಕನ್ನಡಕದ ಹೆಂಗಸು ಎದ್ದು ಬಂದು ಒಂದು ಲೋಟ ನೀರು ಕೊಟ್ಟು, ಗಡಿಯಾರ ನೋಡಿ "ಐಯೋ" ಎಂದಳು. ಒಳಗಿನಿಂದ ರತ್ನಾ ನರಳುವುದು ಕೇಳುತ್ತಿತ್ತು. ನೋವಿಗೆ ಇಂಜೆಕ್ಷನ್ ಕೊಟ್ಟಿದ್ದರು. ಮಾತು ತೊದಲುತ್ತಿತ್ತು, ಹಿಂದಿಯಲ್ಲಿ ಯಾರಿಗೋ ಕೂತುಕೊಳ್ಳಲು ಹೇಳುತ್ತಿದ್ದಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಮತ್ತೆ ಹಚ್ಚಿದೆ, ಎತ್ತಿದರು.

"ಅತ್ತಿ, ಇಡಬ್ಯಾಡ್ರಿ, ಕೇಳ್ರಿ. ರತ್ನಾ ದವಾಖಾನ್ಯಾಗ ಅದಾಳ. ಹೊಟ್ಟಿ ಆಪರೇಷನ್ ಆಗಬೇಕು. ಜಲ್ದಿ ಆಗಬೇಕ್ರಿ. ರೊಕ್ಕ ಕಟ್ಟದ ಡಾಕ್ಟರ್ ಬರಂಗಿಲ್ಲ."

ಹೇಳುತ್ತಿರುವಾಗಲೇ ನನ್ನ ಕಿವಿಗೆ ನನ್ನ ಮಾತು ಬಿತ್ತು. ಮಗಳು, ದವಾಖಾನೆ, ಜಲ್ದಿ, ರೊಕ್ಕ. ಒಂದೂ ಬಿಟ್ಟುಹೋಗಿರಲಿಲ್ಲ.

ಅತ್ತೆ ಅಂದರು, "ಬಂತು ನೋಡು. ದವಾಖಾನಿ ಬಂತು. ಇದನ್ನೂ ಹೇಳ್ಯಾಳ ನನ್ನ ಸೊಸಿ. 'ಅತ್ತಿ, ದವಾಖಾನಿ ಅಂತಾರ, ಜಲ್ದಿ ಅಂತಾರ, ವಿಚಾರ ಮಾಡಾಕ ಹೊತ್ತು ಕೊಡಂಗಿಲ್ಲ' ಅಂತ. ನಾಚಿಕಿ ಬರಂಗಿಲ್ಲೇನು ನಿಮಗ? ಮಕ್ಕಳ ಹೆಸರು ಹೇಳಿ ತಾಯಂದಿರ ಎದಿ ಒಡೀತೀರಿ."

"ಖರೇ ಅತ್ತಿ, ನಿಮ್ಮ ಕಾಲು ಹಿಡೀತೇನಿ..."

"ಅಕಿನ್ನ ಕೊಡು. ಮಾತಾಡಲಿ."

ಫೋನು ಹಿಡಿದು ಒಳಗೆ ಓಡಿದೆ. ರತ್ನಾಳ ಕಿವಿಗೆ ಇಟ್ಟೆ. "ಯವ್ವಾ" ಎಂದಳು, ಆಮೇಲೆ ಮತ್ತೆ ಹಿಂದಿ. ನರ್ಸು ನನ್ನನ್ನು ಹೊರಗೆ ನೂಕಿದಳು. ಫೋನು ಕಿವಿಗೆ ಹಚ್ಚಿದಾಗ ಆ ಕಡೆ ಕಟ್ಟಾಗಿತ್ತು.

ನಾನು ಕಾರಿಡಾರಿನಲ್ಲಿ ಗೋಡೆಗೆ ಒರಗಿ ಅತ್ತುಬಿಟ್ಟೆ. ಜೋರಾಗಿಯೇ. ಸಿಟ್ಟೂ ಬಂತು. ಯಾರ ಮೇಲೆ? ಅತ್ತೆಯವರು ಒಂದು ಅಕ್ಷರವನ್ನೂ ತಪ್ಪು ಮಾಡುತ್ತಿರಲಿಲ್ಲ. ನಾನು ತಿದ್ದಿ ತೀಡಿ ಕಲಿಸಿದ ಪಾಠವನ್ನು ನಾನೇ ಒಡೆಯಬೇಕಿತ್ತು, ನನ್ನ ಕೈಯಿಂದ ಆಗುತ್ತಿರಲಿಲ್ಲ. ಈ ದೇಶದಲ್ಲಿ ನನ್ನನ್ನು ನಾನೆಂದು ಹೇಳುವವರು ಒಬ್ಬಳೇ. ಅವಳಿಗೆ ಎಚ್ಚರ ತಪ್ಪುತ್ತಿತ್ತು.

ಕೌಂಟರಿನವಳು ಸನ್ನೆ ಮಾಡಿ ಕರೆದಳು. ಸರ್ಜನ್ ಹೊರಡುವ ಹೊತ್ತಾಗಿತ್ತು, ಹೌದೋ ಅಲ್ಲವೋ ಹೇಳಬೇಕು. ನಾನು ಮೂರನೆಯ ಸಲ ಓಟಿಪಿ ಕೇಳಿದೆ. ಪರದೆಯ ಮೇಲೆ ಕೆಂಪು ಅಕ್ಷರ ಬಂತು. ಇದೇ ಕೊನೆಯ ಅವಕಾಶ, ಇದು ತಪ್ಪಿದರೆ ನಾಳೆಯವರೆಗೆ ಖಾತೆ ಬಂದ್.

ಹಚ್ಚಿದೆ. ಅರ್ಧ ರಿಂಗಿಗೇ ಎತ್ತಿದರು. ಫೋನನ್ನು ಕೈಯಲ್ಲೇ ಹಿಡಿದು ಕೂತಿದ್ದರೆಂದು ಕಾಣುತ್ತದೆ. ನಾನು ಬಾಯಿ ತೆರೆಯುವ ಮೊದಲೇ ಮಾತಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಕೇಳವಾ. ನೀ ಯಾರರೆ ಆಗು. ನಾ ಕೂತು ವಿಚಾರ ಮಾಡೇನಿ. ನೀ ಹೇಳೂದು ಸುಳ್ಳಿದ್ರ ನಮ್ಮ ರೊಕ್ಕ ಹೋಗ್ತದ, ನನ್ನ ಸೊಸಿ ಬಂದು ನನ್ನ ಬೈತಾಳ. ಬೈಲಿ. ಖರೇ ಇದ್ದು ನಾ ಹೇಳಲಿಲ್ಲಂದ್ರ ನನಗ ಮಗಳ ಇಲ್ಲ. ಬರಕೋ."

ಬರೆದುಕೊಳ್ಳಲು ಏನೂ ಇರಲಿಲ್ಲ. ಅವರು ಒಂದೊಂದೇ ಅಂಕಿಯನ್ನು ಬೆರಳಿಟ್ಟು ಓದುವವರ ಹಾಗೆ ನಿಲ್ಲಿಸಿ ನಿಲ್ಲಿಸಿ ಹೇಳಿದರು. ನಾನು ಒತ್ತಿದೆ. ಪರದೆ ಸುತ್ತಿತು, ಸುತ್ತಿತು, ಹಸಿರಾಯಿತು. ಕಾರ್ಡನ್ನು ಕೌಂಟರಿಗೆ ಚಾಚಿದೆ. ಯಂತ್ರ ಯಾವ ರೂಪಾಯಿ ಎಂದು ಕೇಳಿತು. ಯಾವುದನ್ನು ಒತ್ತಿದೆನೋ ನೆನಪಿಲ್ಲ. ಚೀಟಿ ಹೊರಬಂತು. ಕನ್ನಡಕದ ಹೆಂಗಸು "ಹರಿ ಹರಿ" ಎನ್ನುತ್ತ ಇನ್ನೊಂದು ಫೋನಿಗೆ ಕೈ ಹಾಕಿದಳು.

ರತ್ನಾಳನ್ನು ಗಾಲಿ ಮಂಚದ ಮೇಲೆ ಥಿಯೇಟರಿನ ಕಡೆಗೆ ಒಯ್ದರು. ಆಪರೇಷನ್ ಚಲೋ ಆಯಿತು, ರಾತ್ರಿ ಅವಳು ಕಣ್ಣು ಬಿಟ್ಟಳು. ಅದನ್ನು ಈಗ ಹೇಳುತ್ತಿದ್ದೇನೆ. ಆಗ ಗೊತ್ತಿದ್ದದ್ದು ಬಾಗಿಲು ಮುಚ್ಚಿತು ಎಂಬುದು ಮಾತ್ರ.

ಫೋನು ಕೈಯಲ್ಲೇ ಇತ್ತು, ಕಟ್ಟಾಗಿರಲಿಲ್ಲ. ಕಿವಿಗೆ ಇಟ್ಟೆ.

"ರೊಕ್ಕ ಮುಟ್ಟಿತಿಲ್ಲ?" ಎಂದರು ಅತ್ತೆ.

"ಮುಟ್ಟಿತ್ರಿ."

"ಹಂಗಾರ ಈಗ ಖರೇ ಹೇಳಿಬಿಡು. ಇನ್ನ ನನ್ನ ಕಡಿಂದ ನಿನಗೇನೂ ಸಿಗೂದಿಲ್ಲ. ನನ್ನ ಮಗಳಿಗೆ ಏನೂ ಆಗಿಲ್ಲಲ್ಲ? ನೀ ಕಳ್ಳಿ ಅದೀಯಿಲ್ಲ?" ಅವರ ಉಸಿರು ಹತ್ತಿರ ಬಂತು. "ಕಳ್ಳಿ ಅದೇನಿ ಅನ್ನವಾ. ನಾ ಸಿಟ್ಟಾಗಂಗಿಲ್ಲ."